ಏಳುನೂರ ಹದಿನಾರರ ಡಬ್ಬಿ

ಮೊನ್ನೆ ನಮ್ಮ ಬೆಲ್ಲದಂಗಡಿಯಲ್ಲಿ ಪೆಟ್ಟಿಗೆಗಳಿಗೆ ವಿಳಾಸದ ಚೀಟಿ ಅಂಟಿಸಬೇಕಾಗಿ ಬಂತು. ಗೋಂದಿನ ಸೀಸೆಯ ಬಿರಡೆ ಗಟ್ಟಿಯಾಗಿ ಕೂತಿತ್ತು. ಹಲ್ಲಿನಿಂದ ಕಚ್ಚಿ ಎಳೆದೆ. ಮೂಗಿಗೆ ಅಡರಿದ ಆ ಹುಳಿ ವಾಸನೆ ನನ್ನನ್ನು ಅಂಗಡಿಯ ಗಾದಿಯಿಂದ ಎಬ್ಬಿಸಿ ಸೀದಾ ಹೊಸಪೇಟೆ ಸ್ಟೇಷನ್ ಮಾಸ್ತರರ ಕೋಣೆಯ ಕಿಟಕಿಯ ಮುಂದೆ ನಿಲ್ಲಿಸಿತು. ನಿಮಗೂ ಹೀಗೆ ಆಗುತ್ತದೆಯೋ ಇಲ್ಲವೋ ಕಾಣೆ. ಕೆಲವರಿಗೆ ಮಲ್ಲಿಗೆಯ ವಾಸನೆ ಬಂದರೆ ಮದುವೆ ನೆನಪಾಗುತ್ತದಂತೆ. ನನಗೆ ಗೋಂದಿನ ವಾಸನೆ ಬಂದರೆ ನೆನಪಾಗುತ್ತದೆ. ಅದೂ ನನ್ನ ಮದುವೆಯಲ್ಲ, ನಮ್ಮ ಶಾಂತಕ್ಕನದು.

ಆಗ ನಾನು ಬಳ್ಳಾರಿಯಲ್ಲಿ ಹೈಸ್ಕೂಲು ಮುಗಿಸಿ ಬಂದು ಅಂಗಡಿಯಲ್ಲಿ ಹೊಸದಾಗಿ ಕೂತಿದ್ದೆ. ದಿನಚರಿ ಬರೆಯುವ ಚಟ ಅಂಟಿಕೊಂಡಿತ್ತು. ಎದ್ದ ಹೊತ್ತು, ಉಂಡ ಪದಾರ್ಥ, ಅಂಗಡಿಗೆ ಬಂದವರೆಷ್ಟು, ಬರಿಗೈಲಿ ಹೋದವರೆಷ್ಟು, ಎಲ್ಲವೂ ಅದರಲ್ಲಿ ಬೀಳಬೇಕು. ಶಾಂತಕ್ಕ ನನಗಿಂತ ಎರಡೇ ವರ್ಷಕ್ಕೆ ದೊಡ್ಡವಳು. ನಾನು ಬರೆಯಲು ಕೂತರೆ ಸಾಕು, ಕಂಬಕ್ಕೆ ಒರಗಿ ನಿಂತು ಕೆಣಕುವಳು. "ಏನ್ ಬರದೀಲೇ ಇವತ್ತ? ಬೆಕ್ಕು ಎಷ್ಟು ಸಲ ಸೀನಿತು, ಬರದಿ?" ಎನ್ನುವಳು. ನಾನು ಪುಟವನ್ನು ಮೊಣಕೈಯಿಂದ ಮರೆಮಾಡಿಕೊಳ್ಳುತ್ತಿದ್ದೆ. ಬೆಕ್ಕು ಸೀನಿದ್ದನ್ನು ನಿಜವಾಗಿಯೂ ಒಮ್ಮೆ ಬರೆದಿದ್ದೆ.

ಮದುವೆ ಗೊತ್ತಾಗಿದ್ದು ಗದಗಿನ ಅರಳೆ ವ್ಯಾಪಾರಿಯೊಬ್ಬರ ಮಗನ ಜೊತೆ. ಅವರ ಕಡೆಯ ಪದ್ಧತಿಯಂತೆ ಹೆಣ್ಣನ್ನು ಕರೆದುಕೊಂಡು ನಾವೇ ಗಂಡಿನ ಊರಿಗೆ ಹೋಗಬೇಕು. ಹೋಗಬೇಕಾದ ದಿಬ್ಬಣ ಒಮ್ಮೆ ನಿಂತೂ ಹೋಗಿತ್ತು, ಗಂಡಿನ ಅಜ್ಜಿ ತೀರಿಕೊಂಡದ್ದರಿಂದ. ಎರಡನೆಯ ಸಲ ಮುಹೂರ್ತ ಇಡಿಸಿ ಗಂಡಿನ ತಂದೆ ಒಂದು ಕಾಗದ ಬರೆದರು. ಈ ಸೋಮವಾರದ ಮುಹೂರ್ತ ತಪ್ಪಿದರೆ ಮುಂದೆ ಒಳ್ಳೆಯ ದಿನಗಳಿಲ್ಲ, ಆಗ ನಮ್ಮ ದಾರಿ ನಮಗೆ, ನಿಮ್ಮ ದಾರಿ ನಿಮಗೆ ಎಂದು. ಶಾಂತಕ್ಕ ಅದನ್ನು ಓದಿ ಮಡಿಸಿಟ್ಟಳು. ಗಂಡನ್ನು ಅವಳು ನೋಡಿದ್ದು ಒಂದೇ ಸಲ. ಆದರೆ ಆ ದಿನದಿಂದ ನನ್ನನ್ನು ಕೆಣಕುವುದು ಸ್ವಲ್ಪ ಕಡಿಮೆಯಾಯಿತು. ಅದರಿಂದಲೇ ನನಗೆ ಗೊತ್ತಾಯಿತು, ಅವಳಿಗೆ ಅವನು ಬೇಕಾಗಿದ್ದಾನೆ ಎಂದು.

ಹೋಗುವುದು ಹೇಗೆ ಎಂಬುದೇ ಪ್ರಶ್ನೆ. ಮದುವೆಯ ತಿಂಗಳಲ್ಲಿ ಗದಗಿನ ಗಾಡಿ ಹೇಗಿರುತ್ತದೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಅದಕ್ಕೆ ಹಿಂದಿನ ವಾರವೇ ಪಾಪಿನಾಯಕನಹಳ್ಳಿಯ ದಿಬ್ಬಣವೊಂದು ಹತ್ತಲು ಹೋಗಿ, ಮದುಮಗಳು, ಹಂಡೆ, ಹಾಸಿಗೆ ಎಲ್ಲ ಒಳಗೆ ಸೇರಿ, ಮದುಮಗಳ ತಂದೆ ಮಾತ್ರ ಪ್ಲಾಟ್‌ಫಾರಮ್ಮಿನಲ್ಲಿ ಉಳಿದಿದ್ದ. ಧಾರೆ ಯಾರು ಎರೆದರೋ ದೇವರೇ ಬಲ್ಲ. ನಮ್ಮದು ನಲವತ್ತು ಜನರ ದಿಬ್ಬಣ. ಅದರಲ್ಲಿ ಮೊಣಕಾಲು ನೋವಿನ ಮುದುಕಿಯರೇ ಒಂದು ಬೆಂಚು ತುಂಬುವಷ್ಟಿದ್ದರು.

ಉಪಾಯ ಹೊಳೆದದ್ದು ಅಪ್ಪನಿಗೆ. ಹಂಪಿ ನೋಡಲು ಬರುವ ದೊರೆಗಳು ಇಳಿದು ಹತ್ತುವುದು ನಮ್ಮ ಸ್ಟೇಷನ್ನಿನಲ್ಲೇ. ಅಪ್ಪ ಒಮ್ಮೆ ಗಾಡಿಗೆ ಬೆಲ್ಲ ಹಾಕಿಸಲು ಹೋದಾಗ ಅಂಥ ಒಬ್ಬ ದೊರೆ ಹಂಪಿ ಮುಗಿಸಿಕೊಂಡು ಹೊರಟಿದ್ದ. ಅವನು ಹತ್ತಬೇಕಾದ ಬಾಗಿಲಿಗೆ ಮಾಸ್ತರರು ಅವನ ಹೆಸರಿನ ಚೀಟಿಯನ್ನು ಗೋಂದು ಹಚ್ಚಿ ಅಂಟಿಸಿದ್ದರು. ದೊರೆ ಬಂದ, ತನ್ನ ಹೆಸರು ಓದಿಕೊಂಡ, ಹತ್ತಿದ. ಯಾರನ್ನೂ ನೂಕಲಿಲ್ಲ, ಯಾರ ಕಾಲನ್ನೂ ತುಳಿಯಲಿಲ್ಲ. ಅಪ್ಪ ಅದನ್ನು ಪುರಾಣದ ಹಾಗೆ ಮನೆಯಲ್ಲಿ ಹೇಳುತ್ತಿದ್ದರು.

"ನಮ್ಮ ಶಾಂತಿ ದಿಬ್ಬಣನೂ ಹಂಗ ಹೋಗಬೇಕು. ಬಾಗಲಕ್ಕ ಹೆಸರು ಹಚ್ಚಿರಬೇಕು."

"ಇಂಗ್ಲೀಷಿನ್ಯಾಗ ಹಚ್ತಾರ. ಓದಾಕ ಬರ್ತದೇನು ನಿನಗ?" ಎಂದಳು ಅಜ್ಜಿ. ಅಪ್ಪನ ತಾಯಿ. ಮನೆಯಲ್ಲಿ ಅಪ್ಪ ಹೆದರುತ್ತಿದ್ದದ್ದು ಅವಳೊಬ್ಬಳಿಗೇ.

"ನನಗ ಬರದಿದ್ರ ಏನಾತಬೇ? ಡಬ್ಬಿಗೆ ಗೊತ್ತಿರ್ತದ."

ಹೀಗೆ ಒಂದು ಇಡೀ ಮೂರನೇ ದರ್ಜೆಯ ಡಬ್ಬಿಯನ್ನು ನಮ್ಮ ಹೆಸರಿಗೆ ಕೇಳುವುದೆಂದು ತೀರ್ಮಾನವಾಯಿತು. ಇಂಗ್ಲಿಷ್ ಬಲ್ಲವನೆಂದು ನನ್ನನ್ನು ಜೊತೆಗೆ ಕರೆದೊಯ್ದರು. ಮಾಸ್ತರರು ಗುಂತಕಲ್ಲಿನ ಕಡೆಯವರು, ತೆಲುಗು ಮನೆಮಾತು. ಕನ್ನಡವನ್ನು ಅಳೆದು ತೂಗಿ ಆಡುತ್ತಿದ್ದರು. ಅರ್ಜಿ ಬರೆಸಿಕೊಂಡು, ಮುಂಗಡ ತೆಗೆದುಕೊಂಡು, ಒಂದು ಕಾಗದ ಹರಿದು ಕೊಟ್ಟರು.

ಆ ಕಾಗದದ ಬಗ್ಗೆ ಸ್ವಲ್ಪ ಹೇಳಬೇಕು. ಅದರ ತುಂಬ ಅಂಕಿಗಳಿದ್ದವು. ಮೇಲೆ ಮೂಲೆಯಲ್ಲಿ ಒಂದು ಅಚ್ಚಿನ ಸಂಖ್ಯೆ, ನಡುವೆ ಮಸಿಯಲ್ಲಿ ಬರೆದದ್ದು ಒಂದು, ಕೆಳಗೆ ತಾರೀಖು, ಪಕ್ಕದಲ್ಲಿ ತಂತಿಯ ಸಂಖ್ಯೆಗೆಂದು ಬಿಟ್ಟ ಖಾಲಿ ಜಾಗ. ಅಪ್ಪ ಮನೆಗೆ ಬರುವ ದಾರಿಯಲ್ಲೇ ಮೇಲಿನ ಅಚ್ಚಿನ ಸಂಖ್ಯೆಯನ್ನು ಬಾಯಿಪಾಠ ಮಾಡಿ, ಬಜಾರಿನಲ್ಲಿ ಕಂಡವರಿಗೆಲ್ಲ ಒಪ್ಪಿಸಿದರು. ಎರಡು ದಿನ ಅದೇ ನಡೆಯಿತು. ಮೂರನೆಯ ದಿನ ನಾನು ತಡೆಯಲಾರದೆ ಹೇಳಿದೆ.

"ಅಪ್ಪಾ, ಅದು ಕಾಗದ ಅಚ್ಚು ಮಾಡಿದವರ ನಂಬರು. ಎಲ್ಲಾ ಕಾಗದದ ಮ್ಯಾಲೂ ಅದ ಇರ್ತದ. ನಮ್ಮದು ನಡುವ ಮಸೀಲೆ ಬರದದ್ದು. ಏಳುನೂರ ಹದಿನಾರು."

ಅಪ್ಪ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ನಂತರ ರುಮಾಲು ಸುತ್ತಿಕೊಂಡು ಮತ್ತೆ ಬಜಾರಿಗೆ ಹೋಗಿ, ಮೊದಲು ಯಾರ್ಯಾರಿಗೆ ಹೇಳಿದ್ದರೋ ಅವರನ್ನೆಲ್ಲ ಹುಡುಕಿ ತಿದ್ದಿದರು. ಅಂಗಡಿಗೆ ಕಂಪ್ಲಿಯಿಂದ ಬೆಲ್ಲದ ಗಾಡಿ ಹೊಡೆದುಕೊಂಡು ಬಂದವರಿಗೂ ಹೇಳಿದರು, ಸಂಡೂರಿನಿಂದ ಬಂದ ಬೀಗರಿಗೂ ಹೇಳಿದರು. ವಾರ ಕಳೆಯುವಷ್ಟರಲ್ಲಿ ನಮ್ಮ ಓಣಿಯ ಹುಡುಗರು ಕುಂಟಾಬಿಲ್ಲೆ ಆಡುವಾಗ ಕೊನೆಯ ಮನೆಗೆ 'ಏಳುನೂರ ಹದಿನಾರು' ಎಂದು ಹೆಸರಿಟ್ಟಿದ್ದರು. ಅದನ್ನು ಮುಟ್ಟಿದವನು ಗೆದ್ದ.

ಡಬ್ಬಿ ಸಿಕ್ಕಿತೋ ಇಲ್ಲವೋ ಎಂದು ವಿಚಾರಿಸುವ ಕೆಲಸ ನನ್ನದಾಯಿತು. ದಿನಾ ಬೆಳಿಗ್ಗೆ ಸ್ಟೇಷನ್ನಿಗೆ ಹೋಗುವುದು, ಕಿಟಕಿಯ ಮುಂದೆ ನಿಲ್ಲುವುದು, ಸಂಖ್ಯೆ ಹೇಳುವುದು. ಮಾಸ್ತರರ ಉತ್ತರಗಳು ಮೂರು ಬಗೆ. "ಬರೆದಿದೆ" ಎಂದರೆ ನಮ್ಮ ಅರ್ಜಿ ಅವರ ಪುಸ್ತಕದಲ್ಲಿದೆ ಎಂದಷ್ಟೇ. "ಹೋಗಿದೆ" ಎಂದರೆ ಹುಬ್ಬಳ್ಳಿಯ ದೊಡ್ಡ ಆಫೀಸಿಗೆ ಹೋಗಿ ಯಾರದೋ ಮೇಜಿನ ಮೇಲೆ ಮಲಗಿದೆ. "ಬಂದಿದೆ" ಎಂದರೆ ಮಾತ್ರ ಡಬ್ಬಿ ಗಟ್ಟಿ. ನನಗೆ ಇದು ಸ್ಪಷ್ಟವಾಗಿತ್ತು. ಮನೆಯಲ್ಲಿ ಯಾರಿಗೂ ಆಗಲಿಲ್ಲ. ನಾನು ಬಂದು "ಹೋಗಿದೆ" ಎಂದರೆ ಅವ್ವ ಗಾಬರಿಯಾಗಿ, "ಅಯ್ಯೋ, ನಮ್ಮನ್ನ ಬಿಟ್ಟ ಹೋತೇನು?" ಎನ್ನುವಳು.

ಅಪ್ಪನ ಮಟ್ಟಿಗಂತೂ ಕಾಗದ ಕೈಗೆ ಬಂದಾಗಲೇ ಡಬ್ಬಿಯೂ ಬಂದಾಗಿತ್ತು. ದೇವರ ಜಗುಲಿಯ ಮೇಲಿಟ್ಟು ವಿಭೂತಿ ಹಚ್ಚಿ ಪೂಜೆ ಮಾಡಿದ್ದರು. ನಾನು ದಿನಾ ಹೋಗಿ ವಿಚಾರಿಸುವುದು ಅವರಿಗೆ ಸ್ವಲ್ಪ ಅಪಶಕುನವೆಂದೇ ಕಾಣುತ್ತಿತ್ತು. "ಕೇಳಿ ಕೇಳಿ ಇಲ್ಲ ಅನಿಸಬ್ಯಾಡಲೇ ಅವರ ಬಾಯಾಗ" ಎಂದು ಒಮ್ಮೆ ಬೈದರು. ಮಾಸ್ತರರೂ ನನ್ನನ್ನು ಕಂಡರೆ ಕನ್ನಡಕ ತೆಗೆದು ಒರೆಸಲು ಶುರುಮಾಡುತ್ತಿದ್ದರು. "ರಾ ಬಾಬೂ. ನೀನು ಬರೋದು ನೋಡಿ ನಾನು ಗಡಿಯಾರ ಸರಿ ಮಾಡ್ಕೋತೀನಿ" ಎಂದರು ಒಂದು ದಿನ. ನಾನು ಅದನ್ನು ಹೊಗಳಿಕೆ ಎಂದೇ ಬರೆದುಕೊಂಡೆ.

ಮದುವೆಗೆ ಮುಂಚಿನ ಗುರುವಾರ ನಾನು ಸಂಡೂರಿಗೆ ಹೋಗಿದ್ದೆ, ಉಳಿದ ಬೀಗರನ್ನು ಕರೆಯಲು. ಶುಕ್ರವಾರ ಬೆಳಿಗ್ಗೆ ಎಂದಿನಂತೆ ಕಿಟಕಿಯ ಮುಂದೆ ನಿಂತೆ. ಮಾಸ್ತರರು ಕನ್ನಡಕ ಒರೆಸಲಿಲ್ಲ.

"ಬಂದಿದೆ" ಎಂದರು.

ನನಗೆ ಏನು ಮಾಡಬೇಕೋ ತೋಚದೆ ಕೈ ಮುಗಿದೆ.

"ತಡಿ, ತಡಿ. ಬಂದಿರೋದು ಒಂದೇ ಡಬ್ಬಿ. ಭಾನುವಾರದ ಗಾಡಿಗೆ ಕೇಳಿದೋರು ಇಬ್ಬರು. ನೀವೊಬ್ಬರು, ಕಂಪ್ಲಿಯವರೊಬ್ಬರು. ಮೊದಲು ಬರೆದದ್ದು ಏಳುನೂರ ಹದಿನಾರು, ಅವರಿಗೇ ಸಿಕ್ಕಿದೆ."

"ಅದು ನಮ್ಮದ ರೀ."

"ನಿನ್ನೆ ಕಂಪ್ಲಿಯ ಯಜಮಾನರೂ ಇಲ್ಲೇ ನಿಂತು ಅದೇ ಹೇಳಿದರು. ಏಳುನೂರ ಹದಿನಾರು ನಮ್ಮದು ಅಂತ."

ಅಪ್ಪ ಊರಿಗೆಲ್ಲ ಸಂಖ್ಯೆ ಹಂಚಿದ್ದರ ಫಲ ಆಗ ನನಗೆ ಅರ್ಥವಾಯಿತು. ಕಂಪ್ಲಿಯ ಯಜಮಾನರು ಸುಳ್ಳು ಹೇಳುವ ಜನವೂ ಅಲ್ಲ. ನಾನು ಆಮೇಲೆ ಕೇಳಿ ತಿಳಿದುಕೊಂಡೆ. ಹೊಸಪೇಟೆ ಬಜಾರಿನಲ್ಲಿ ಎಲ್ಲರ ಬಾಯಲ್ಲೂ ಆ ಸಂಖ್ಯೆ ಕೇಳಿದ ಅವರು, ಮದುವೆಗೆ ಕೊಡುವ ಡಬ್ಬಿಯ ಹೆಸರೇ ಅದು, ಬೇಕಾದವರು ಹೋಗಿ ಅದನ್ನು ಹೇಳಬೇಕು ಎಂದು ತಿಳಿದುಕೊಂಡಿದ್ದರು. ಅವರ ಕೈಗೆ ಕೊಟ್ಟ ಕಾಗದವನ್ನು ಅವರು ಬಿಚ್ಚಿಯೂ ನೋಡಿರಲಿಲ್ಲ.

"ಹಂಗಾದ್ರ ಈಗ?"

"ಹೆಸರಿನ ಅರ್ಜಿ ಹುಬ್ಬಳ್ಳಿಗೆ ಹೋಗಿದೆ, ನನ್ನ ಪುಸ್ತಕದಲ್ಲಿ ಇರೋದು ನಂಬರು ಮಾತ್ರ. ಅದನ್ನ ಬಾಯಲ್ಲಿ ಹೇಳಿದರೆ ಆಗೋದಿಲ್ಲ ಬಾಬೂ. ನಾನು ಕೊಟ್ಟ ಕಾಗದ ತಗೊಂಡು ಬಾ. ಅದರ ಮೇಲೆ ಮುದ್ರೆ ಒತ್ತಿ ನಾಳೆ ಮಧ್ಯಾಹ್ನದ ಗಾಡಿಯಲ್ಲಿ ಹುಬ್ಬಳ್ಳಿಗೆ ಕಳಿಸಬೇಕು. ಅದು ಹೋಗದಿದ್ದರೆ ಡಬ್ಬಿ ಎರಡನೆಯವರಿಗೆ."

ಮನೆಗೆ ಓಡಿದೆ. ಜಗುಲಿಯ ಮೇಲೆ ಕಾಗದವಿರಲಿಲ್ಲ. ಅಪ್ಪನಿಗೆ ಗೊತ್ತಿಲ್ಲ, ಅವ್ವನಿಗೆ ಗೊತ್ತಿಲ್ಲ. ಪಡಸಾಲೆಯಲ್ಲಿ ಕೂತು ಅಡಕೆ ಕತ್ತರಿಸುತ್ತಿದ್ದ ಅಜ್ಜಿ ತಲೆಯೆತ್ತದೆ ಹೇಳಿದಳು.

"ಅದು ಹೊಂಟತಿ."

"ಎಲ್ಲಿಗೆ?"

"ಗದಗಕ್ಕ. ನಿನ್ನಿನ ಹೊಂಟತಿ. ಈಗ ಚಿತ್ತವಾಡ್ಗಿಯಾಗ ನಿಮ್ಮ ಅತ್ತಿ ಮನ್ಯಾಗ ಐತಿ."

ಇದನ್ನು ಬಿಡಿಸಿ ಹೇಳಬೇಕು. ದಿಬ್ಬಣ ಹೊರಡುವುದು ಭಾನುವಾರ, ಹೋಗುವುದು ಪಡುವಣಕ್ಕೆ. ಭಾನುವಾರ ಪಡುವಣಕ್ಕೆ ಶೂಲೆ. ಪಂಚಾಂಗ ನೋಡುವವರು ಆ ದಿನ ಆ ದಿಕ್ಕಿಗೆ ಹೊರಡುವುದಿಲ್ಲ. ಆದರೆ ಗಾಡಿ ಪಂಚಾಂಗ ನೋಡುವುದಿಲ್ಲವಲ್ಲ. ಅದಕ್ಕೆ ಹಿರಿಯರು ಮಾಡಿಟ್ಟ ದಾರಿಯೇ ಪ್ರಸ್ಥಾನ. ಒಳ್ಳೆಯ ದಿನ, ಒಳ್ಳೆಯ ಗಳಿಗೆಯಲ್ಲಿ ಒಂದು ಗಂಟು ಕಟ್ಟಿ, ಹೋಗುವ ದಿಕ್ಕಿನಲ್ಲಿರುವ ಇನ್ನೊಬ್ಬರ ಮನೆಯಲ್ಲಿ ಇಟ್ಟುಬಿಡುವುದು. ಇಟ್ಟ ಗಳಿಗೆಗೇ ಪ್ರಯಾಣ ಶುರುವಾದಂತೆ. ಆಮೇಲೆ ಯಾವಾಗ ಹೊರಟರೂ ದಾರಿಯಲ್ಲಿ ಆ ಗಂಟನ್ನು ತೆಗೆದುಕೊಂಡು ಮುಂದಕ್ಕೆ ಹೋಗಬೇಕು. ಹಿಂದಕ್ಕೆ ಮಾತ್ರ ತರಕೂಡದು. ತಂದರೆ ಹೊರಟ ಕೆಲಸವೇ ತಿರುಗಿ ಮನೆಗೆ ಬಂದಂತೆ.

ಗಂಟಿನಲ್ಲಿ ಅಕ್ಕಿ, ಎಲೆ ಅಡಕೆ, ಅರಿಶಿನದ ಕೊಂಬು, ಮದುಮಗಳದೊಂದು ಕುಪ್ಪಸದ ಖಣ ಇರಬೇಕು. ಪ್ರಯಾಣಕ್ಕೆ ಸೇರಿದ್ದೇನಾದರೂ ಇದ್ದರೆ ಇನ್ನೂ ಗಟ್ಟಿ. ಹಿಂದಿನವರು ಚಪ್ಪಲಿಯನ್ನೋ ಎತ್ತಿನ ಮೂಗುದಾರವನ್ನೋ ಇಡುತ್ತಿದ್ದರಂತೆ. ಅಜ್ಜಿ ಯೋಚಿಸಿದ್ದಾಳೆ. ರೈಲಿಗೆ ಮೂಗುದಾರವಿಲ್ಲ, ಇರುವುದು ಈ ಕಾಗದ. ಜಗುಲಿಯಿಂದ ಎತ್ತಿ ಗಂಟಿನಲ್ಲಿ ಕಟ್ಟಿ ಕಳಿಸಿದ್ದಾಳೆ. ಅವಳ ತರ್ಕದಲ್ಲಿ ನನಗೆ ಈವತ್ತಿಗೂ ತಪ್ಪು ಕಾಣುವುದಿಲ್ಲ.

ಆ ಸಂಜೆ ಚಿತ್ತವಾಡ್ಗಿಗೆ ಹೋದೆ. ಅತ್ತೆ ಗುರುಬಸಮ್ಮ ಅಪ್ಪನ ಅಕ್ಕ. ಅಜ್ಜಿಯ ಅಚ್ಚಿನಲ್ಲೇ ತೆಗೆದವಳು. ಗಂಟು ದೇವರ ಗೂಡಿನ ಪಕ್ಕದ ಗೂಟಕ್ಕೆ ತೂಗುತ್ತಿತ್ತು. ಅತ್ತೆ ಅದರ ಕೆಳಗೇ ಮಣೆ ಹಾಕಿಕೊಂಡು ಕೂತಿದ್ದಳು.

"ಅತ್ತೀ, ಗಂಟು ಬಿಚ್ಚಿ ಒಂದು ಕಾಗದ ಕೊಡು. ಮುದ್ರಿ ಹಾಕಿಸಿ ತಂದ ಕೊಡ್ತೀನಿ."

"ತಂದ ಕೊಡ್ತಾನಂತ. ಮುಂದ ಹೋಗೋದು ಹಿಂದ ಬಂದು ಮತ್ತ ಮುಂದ ಹೋಗ್ತತಿ. ನಿಮ್ಮ ಬಳ್ಳಾರಿ ಸಾಲ್ಯಾಗ ಇದನ್ನ ಕಲಿಸಿದ್ರೇನು?"

"ಹಂಗಾದ್ರ ಗಂಟ ಕೊಡು. ಸೀದಾ ಸ್ಟೇಷನ್ನಿಗೆ ಒಯ್ತೀನಿ. ಅದು ಮುಂದಕ್ಕ ಹೋದಂಗ ಆತಲ್ಲ?"

ಅತ್ತೆ ಸ್ವಲ್ಪ ಯೋಚಿಸಿದಳು. ನಾನು ಗೆದ್ದೆನೆಂದುಕೊಂಡೆ.

"ಒಯ್ಯಬೌದು. ಆದ್ರ ಇದು ಮದುಮಗಳ ಗಂಟು. ಹೊರಡಾಕಿ ಎತ್ತಬೇಕು. ನೀ ಏನು ಲಗ್ನ ಆಗಾಕ ಹೊಂಟೀಯೇನು?"

ಮನೆಗೆ ಬಂದು ವರದಿ ಒಪ್ಪಿಸಿದೆ. ಅಪ್ಪ ತಲೆಯ ಮೇಲೆ ಕೈಯಿಟ್ಟು ಕೂತರು. ತಾಯಿಗೆ ಹೇಳುವ ಧೈರ್ಯವಿಲ್ಲ, ಅಕ್ಕನಿಗೆ ಹೇಳುವ ಧೈರ್ಯವಂತೂ ಹುಟ್ಟಿದಾಗಿನಿಂದ ಇಲ್ಲ. ಅವ್ವ ಸೆರಗಿನಿಂದ ಕಣ್ಣೊತ್ತಿಕೊಂಡಳು. ಅಜ್ಜಿಯೊಬ್ಬಳೇ ಅಲುಗಲಿಲ್ಲ. "ಡಬ್ಬಿ ಹೋದ್ರ ಹೋಗ್ಲಿ. ಗಂಟು ತಿರುಗಿ ಬಂದ್ರ ಲಗ್ನಾನ ತಿರುಗಿ ಬರ್ತತಿ. ಒಮ್ಮೆ ಬಂದದ್ದ ಸಾಕಾಗಿಲ್ಲೇನು ನಿಮಗ?" ಎಂದಳು.  ಮೊದಲ ಮುಹೂರ್ತ ತಪ್ಪಿದಾಗ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ದಿನ ಸರಿಯಾಗಿ ಉಣ್ಣದೆ ಇದ್ದವಳು ಅವಳೇ.

ಶಾಂತಕ್ಕ ಅಷ್ಟು ಹೊತ್ತೂ ಕಂಬಕ್ಕೆ ಒರಗಿ ನಿಂತಿದ್ದಳು. ಅಲ್ಲಿಂದಲೇ ಕೇಳಿದಳು.

"ಅಜ್ಜೀ, ನಾಳೆ ಶನಿವಾರ. ಶನಿವಾರ ಪಡುವಣಕ್ಕ ಶೂಲಿ ಐತೇನು?"

"ಇಲ್ಲ. ಶನಿವಾರ ಮೂಡಣಕ್ಕ."

"ಹಂಗಾದ್ರ ನಾ ನಾಳೆ ಹೊಂಡತೀನಿ."

"ಎಲ್ಲಿಗಬೇ?"

"ಗದಗಕ್ಕ. ಮುಂಜಾನಿ ಚಿತ್ತವಾಡ್ಗಿಗೆ ಹೋಗಿ ನನ್ನ ಗಂಟು ನಾನ ಎತ್ತಿಕೊಂಡು ಸ್ಟೇಷನ್ನಿಗೆ ಹೋಗ್ತೀನಿ. ಅಲ್ಲೇ ಕುಂದ್ರತೀನಿ. ಭಾನುವಾರ ನೀವೆಲ್ಲಾ ಬಂದು ಕೂಡ್ರಿ. ಹಿಂದ ಬರಂಗಿಲ್ಲ. ಸರಿ ಅಲ್ಲ?"

ಪಡಸಾಲೆಯಲ್ಲಿ ಅಡಕೊತ್ತಿನ ಸದ್ದು ನಿಂತಿತು. ಅಜ್ಜಿ ಬಹಳ ಹೊತ್ತು ಮೊಮ್ಮಗಳನ್ನು ನೋಡಿದಳು. ತಾನೇ ಕಟ್ಟಿದ ಬೇಲಿಯಲ್ಲಿ ಬಾಗಿಲು ಎಲ್ಲಿದೆಯೆಂದು ಬೇರೆಯವರು ತೋರಿಸಿದಾಗ ಮುಖ ಹೇಗಾಗುತ್ತದೆಂದು ನಾನು ಆ ದಿನ ನೋಡಿದೆ.

"ಸರಿ ಐತಿ" ಎಂದಳು.

ಶನಿವಾರ ಬೆಳಿಗ್ಗೆ ಶಾಂತಕ್ಕ ಹೊರಟಳು. ಮದುವೆಯ ಹೆಣ್ಣು ಮನೆ ಬಿಡುವುದೆಂದರೆ ಮುತ್ತೈದೆಯರು ಉಡಿ ತುಂಬಬೇಕು, ಹಾಡು ಹೇಳಬೇಕು, ಹೊಸಿಲಿಗೆ ನಮಸ್ಕಾರ ಮಾಡಿಸಬೇಕು, ಅಳುವವರೆಲ್ಲ ಅಳಬೇಕು. ಅವೆಲ್ಲ ಭಾನುವಾರಕ್ಕೆಂದು ಇಟ್ಟುಕೊಂಡಿದ್ದೆವು. ಯಾರಿಗೂ ಅಳಲು ಪುರಸೊತ್ತೇ ಆಗಲಿಲ್ಲ. ಅವಳು ಹೊಸಿಲು ದಾಟಿದ್ದು ನಾನು ಜಟಕಾದವನ ಜೊತೆ ಬಾಡಿಗೆಯ ಮಾತಾಡುತ್ತಿದ್ದಾಗ.

ಚಿತ್ತವಾಡ್ಗಿಯಲ್ಲಿ ಅತ್ತೆ ಗಂಟನ್ನು ಕೆಳಗಿಳಿಸಿ ಅವಳ ಕೈಗಿಟ್ಟಳು. ಇಟ್ಟು, "ಇನ್ನ ಹಿಂದ ತಿರುಗಿ ನೋಡಬ್ಯಾಡ" ಎಂದಳು. ಶಾಂತಕ್ಕ ನಿಜವಾಗಿಯೂ ನೋಡಲಿಲ್ಲ. ಜಟಕಾದಲ್ಲಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕುದುರೆಯ ಕಿವಿಗಳ ನಡುವೆ ಕಣ್ಣಿಟ್ಟು ಕೂತಳು. ಬಜಾರು ದಾಟುವಾಗ, "ಲೇ ತಮ್ಮಾ, ಇದನ್ನೆಲ್ಲಾ ಬರದುಕೊಳ್ಳಾಕತ್ತಿ ಹೌದಲ್ಲೋ? ಕುದುರಿ ಎಷ್ಟು ಸಲ ಬಾಲ ಅಲ್ಲಾಡಿಸಿತು?" ಎಂದಳು. ವಾರಗಳ ಮೇಲೆ ಅವಳು ಮತ್ತೆ ಕೆಣಕಿದ್ದು ಅದೇ ಮೊದಲು. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಬಾಲವನ್ನು ಎಣಿಸಲು ಶುರುಮಾಡಿದೆ.

ಮಾಸ್ತರರು ಕಾಗದದ ಮೇಲಿನ ವಿಭೂತಿಯನ್ನು ಮೆಲ್ಲಗೆ ಊದಿದರು. ಅಕ್ಕಿಕಾಳೊಂದು ಉದುರಿತು. ಸಂಖ್ಯೆ ನೋಡಿದರು, ಮುದ್ರೆ ಒತ್ತಿದರು. ಮಧ್ಯಾಹ್ನದ ಗಾಡಿಗೆ ಕಾಗದ ಹೋಯಿತು.

"ಆಯ್ತಮ್ಮಾ, ಇನ್ನು ಮನೆಗೆ ಹೋಗಿ. ನಾಳೆ ಬನ್ನಿ" ಎಂದರು.

"ಹೋಗಾಕ ಬರಂಗಿಲ್ಲ ರೀ. ನಾ ಹೊಂಟೀನಿ."

"ಗಾಡಿ ನಾಳೆ."

"ಗಾಡಿ ನಾಳೆ ರೀ. ನಾ ಇವತ್ತ."

ಮಾಸ್ತರರು ನನ್ನ ಮುಖ ನೋಡಿದರು. ನಾನು ಶೂಲೆ, ಪ್ರಸ್ಥಾನ, ಗಂಟು ಎಲ್ಲವನ್ನೂ ಕ್ರಮವಾಗಿ ವಿವರಿಸಿದೆ. ಅವರು ಎಲ್ಲ ಕೇಳಿ, "ಮಾ ಊರಲ್ಲೂ... ನಮ್ಮ ಊರಲ್ಲೂ ಇದೆ" ಎಂದಷ್ಟೇ ಹೇಳಿ, ಹಿಂದಿನ ಮನೆಯಿಂದ ಹೆಂಡತಿಯನ್ನು ಕರೆಸಿದರು. ಆಕೆ ಬಂದವರೇ ಶಾಂತಕ್ಕನ ಗಲ್ಲ ಹಿಡಿದೆತ್ತಿ ನೋಡಿ, ತೆಲುಗಿನಲ್ಲಿ ಗಂಡನಿಗೆ ಏನೋ ಬೈದರು. ಮದುಮಗಳನ್ನು ಬೆಂಚಿನ ಮೇಲೆ ಕೂಡಿಸಿದ್ದಕ್ಕೆ ಇರಬೇಕು. ತಮ್ಮ ಮನೆಗೆ ಕರೆದುಕೊಂಡು ಹೋದರು.

ಆ ಸಂಜೆ ಮನೆಯಲ್ಲಿ ಅರಿಶಿನ ಹಚ್ಚುವ ಶಾಸ್ತ್ರವಿತ್ತು. ಚಪ್ಪರವಿತ್ತು, ಹಾಡುವ ಹೆಂಗಸರಿದ್ದರು, ಅರಿಶಿನ ಕಲಸಿಟ್ಟಿತ್ತು. ಮದುಮಗಳು ಮಾತ್ರ ಸ್ಟೇಷನ್ನಿನಲ್ಲಿದ್ದಳು.  ಅಜ್ಜಿ ಎದ್ದು ಅರಿಶಿನದ ಬಟ್ಟಲನ್ನು ಕೈಯಲ್ಲಿ ಹಿಡಿದು ಬಂಡಿ ಹತ್ತಿದಳು. ಅವಳ ಹಿಂದೆ ಹಾಡುವವರು, ಅವರ ಹಿಂದೆ ಓಣಿಯ ಅರ್ಧ ಜನ.

ಪ್ಲಾಟ್‌ಫಾರಮ್ಮಿನ ತುದಿಯ ಬೇವಿನ ಮರದ ಕೆಳಗೆ ಮಣೆ ಹಾಕಿ ಶಾಂತಕ್ಕನನ್ನು ಕೂಡಿಸಿದರು. ಸುತ್ತ ನಾಲ್ಕು ತಂಬಿಗೆಯಿಟ್ಟು ನೂಲು ಸುತ್ತಿದರು. ಹಾಡು ಶುರುವಾಗಿ ಎರಡನೆಯ ನುಡಿ ಮುಗಿಯುವಷ್ಟರಲ್ಲಿ ಸಂಜೆಯ ಗಾಡಿ ಬಂದು ನಿಂತಿತು. ಕಿಟಕಿಗಳಿಂದ ತಲೆಗಳು ಹೊರಬಂದವು. "ಇದ್ಯಾವ ಊರು, ಸ್ಟೇಷನ್ನಿನ್ಯಾಗ ಲಗ್ನ ಮಾಡ್ತಾರ?" ಎಂದು ಯಾರೋ ಕೂಗಿದರು. "ಹೊಸಪ್ಯಾಟಿ ರೀ, ಇಲ್ಲಿ ಹಿಂಗ" ಎಂದು ಅಪ್ಪ ಹೆಮ್ಮೆಯಿಂದ ಉತ್ತರ ಕೊಟ್ಟರು. ಹಂಪಿಗೆಂದು ಇಳಿದ ದೊರೆಸಾನಿಯೊಬ್ಬಳು ಇದೆಲ್ಲ ತನಗಾಗಿಯೇ ಏರ್ಪಡಿಸಿದ್ದೆಂದು ತಿಳಿದಳೋ ಏನೋ, ನಗುತ್ತಾ ಹತ್ತಿರ ಬಂದಳು. ಅಜ್ಜಿ ಎಳ್ಳಷ್ಟೂ ಅನುಮಾನಿಸದೆ ಅವಳ ಎರಡು ಕೆನ್ನೆಗೂ ಅರಿಶಿನ ಬಳಿದಳು. "ಬಂದ ಹೆಣ್ಣುಮಗಳನ್ನ ಬರೇ ಮುಖದಾಗ ಕಳಸಬಾರದು" ಎಂಬುದು ಅವಳ ಸಮಜಾಯಿಷಿ.

ಎಲ್ಲ ಮುಗಿದು ಜನ ಬಂಡಿ ಹತ್ತುವಾಗ ಅಜ್ಜಿ ಮಾತ್ರ ಬೆಂಚಿನ ಮೇಲೆ ಕೂತೇ ಇದ್ದಳು.

"ಏಳಬೇ ಅವ್ವಾ, ಹೋಗೋಣು" ಎಂದರು ಅಪ್ಪ.

"ನೀವು ಹೋಗ್ರಿ ಈರಣ್ಣಾ. ಹುಡುಗಿ ಮನಿ ಬಿಡುವಾಗ ನಾ ಅಡಕಿ ಕತ್ತರಸ್ಕೋತ ಕುಂತಿದ್ದೆ. ಹೊಸ್ತಿಲ ದಾಟಿದ್ದ ನೋಡಲಿಲ್ಲ." ಸೆರಗು ಹೊದ್ದುಕೊಂಡು, "ನಾನೂ ಹೊಂಟೀನಿ ಅಂತ ತಿಳಕೋರಿ" ಎಂದಳು.

ನಲವತ್ತು ಜನರನ್ನು ಒಂದು ಮಾತಿನಲ್ಲಿ ನಿಲ್ಲಿಸಬಲ್ಲ ಮುದುಕಿ, ಮಾಸ್ತರರ ಮನೆಯ ಪಡಸಾಲೆಯಲ್ಲಿ ಮೊಮ್ಮಗಳ ಪಕ್ಕ ಹಾಸಿಕೊಂಡು ಉಳಿದಳು. ಅವರಿಬ್ಬರೂ ಏನು ಮಾತಾಡಿಕೊಂಡರೋ ನನಗೆ ತಿಳಿಯದು. ನನ್ನ ದಿನಚರಿಯಲ್ಲಿ ಆ ರಾತ್ರಿಯ ಬಗ್ಗೆ ಏನೂ ಇಲ್ಲ.

ಭಾನುವಾರ ಗಾಡಿ ಬಂತು, ಹಿಂದೆ ನಮ್ಮ ಡಬ್ಬಿ ತಗುಲಿಸಿಕೊಂಡು. ಮಾಸ್ತರರು ಗೋಂದಿನ ಸೀಸೆ ಹಿಡಿದು ಬಂದು ಅಪ್ಪನ ಹೆಸರಿನ ಚೀಟಿಯನ್ನು ಬಾಗಿಲಿಗೆ ಅಂಟಿಸಿದರು. ಅಪ್ಪ ಅದರ ಮುಂದೆ ನಿಂತವರು ಅಲುಗಲಿಲ್ಲ. ಬೆರಳಿನಿಂದ ಒಂದೊಂದೇ ಅಕ್ಷರ ಮುಟ್ಟಿ, ಇದು ಏನು, ಇದು ಏನು ಎಂದು ನನ್ನನ್ನು ಕೇಳಿದರು. ಅಷ್ಟರಲ್ಲಿ ಕಂಪ್ಲಿಯ ದಿಬ್ಬಣವೂ ಬಂತು, ಯಜಮಾನರು ಮುಂದೆ. "ಏಳುನೂರ ಹದಿನಾರು ಇದ ಏನ್ರಿ?" ಎಂದು ನಮ್ಮನ್ನೇ ಕೇಳಿದರು. ಅಪ್ಪನ ಮುಖ ಕೆಂಪಾಯಿತು. ಬೇರೆ ಡಬ್ಬಿಗಳ ಮೆಟ್ಟಿಲ ಮೇಲೆಲ್ಲ ಜನ ಜೋತುಬಿದ್ದಿದ್ದರು. ಒಳಗಿಂದ ಶಾಂತಕ್ಕ ತಲೆ ಹೊರಹಾಕಿ ಕಂಪ್ಲಿಯ ಮದುಮಗಳನ್ನು ನೋಡಿದಳು; ಹದಿನಾರರ ಹುಡುಗಿ, ಬಾಸಿಂಗದ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ನಿಂತಿತ್ತು.

"ಅಪ್ಪಾ, ಹೆಣ್ಮಕ್ಕಳು, ಮುದುಕರು ಹತ್ತಲಿ. ಜಗಾ ಐತ್ರಿ. ಅತ್ತೀ, ಸ್ವಲ್ಪ ಸರೀರಿ."

ಅತ್ತೆ ಸರಿದಳು. ಅದನ್ನು ನೋಡಿಯೇ ನಂಬಬೇಕು. ಗದಗಿನವರೆಗೂ ಎರಡು ದಿಬ್ಬಣದ ಹೆಂಗಸರು ಒಂದೇ ಡಬ್ಬಿಯಲ್ಲಿ ಹಾಡಿನ ಪೈಪೋಟಿ ನಡೆಸಿದರು. ಸೋಮವಾರದ ಮುಹೂರ್ತಕ್ಕೆ ನಾವು ಒಂದು ಗಳಿಗೆಯೂ ತಡವಾಗಲಿಲ್ಲ. ಅಕ್ಷತೆ ಬೀಳುವಾಗ ಶಾಂತಕ್ಕ ನನ್ನತ್ತ ನೋಡಿ, ಬರೆದುಕೋ ಎಂಬಂತೆ ಬೆರಳಾಡಿಸಿದಳು.

ಇದೆಲ್ಲ ಆಗಿ ಐದು ವರ್ಷವಾಯಿತು. ಈಗ ಶಾಂತಕ್ಕ ಇಲ್ಲೇ ಇದ್ದಾಳೆ. ಹೆರಿಗೆಗೆ ಬಂದವಳು, ಕೂಸಿಗೆ ಐದು ತಿಂಗಳು ತುಂಬಿತು. ಗದಗಿನಿಂದ ಭಾವನವರ ಕಾಗದ ಬಂದಿದೆ. ಕೂಸು ಇರುವುದರಿಂದ ಎರಡನೇ ದರ್ಜೆಯ ಹೆಂಗಸರ ಡಬ್ಬಿಯಲ್ಲಿ ಜಾಗ ಬರೆಸಿ ಕಳಿಸಿರೆಂದು. ಬರೆಸಿದ್ದೇನೆ. ಹಳೆಯ ಮಾಸ್ತರರಿಗೆ ವರ್ಗವಾಗಿದೆ. ಹೊಸಬರು ಚುರುಕು, ಹೋದ ಕೂಡಲೇ ಪುಸ್ತಕ ತೆಗೆಯುತ್ತಾರೆ.

ಇಂದು ಬೆಳಿಗ್ಗೆ ವಿಚಾರಿಸಲು ಹೋಗಿದ್ದೆ. ನಾನು ಹೊರಡುವಾಗ ಅಜ್ಜಿ ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಅವಳಿಗೆ ಈಗ ಕಣ್ಣು ಅಷ್ಟಾಗಿ ಕಾಣಿಸದು. ಬೆರಳಿನಿಂದಲೇ ಕೂಸಿನ ಮೂಗು ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

ಹೊಸ ಮಾಸ್ತರರು ಪುಸ್ತಕದ ಮೇಲೆ ಬೆರಳಿಟ್ಟು, "ನಂಬರ್ ಹೇಳ್ರಿ" ಎಂದರು.

ಸಂಖ್ಯೆ ಜೇಬಿನಲ್ಲಿತ್ತು, ತಲೆಯಲ್ಲಿಯೂ ಇತ್ತು. ಹೇಳಿದರೆ ಇವರು 'ಬಂದಿದೆ' ಎಂದುಬಿಟ್ಟಾರು, ಅಜ್ಜಿಯ ಕಾಲ ಮೇಲಿನ ಕೂಸು ಗದಗಿಗೆ ಹೊರಟುಬಿಟ್ಟೀತು. "ಇರ್ಲಿ ರೀ, ಅವಸರಿಲ್ಲ. ನಾಳೆ ಬರ್ತೀನಿ" ಎಂದೆ. ಅವರು ವಿಚಿತ್ರವಾಗಿ ನೋಡಿದರು. ಬರುವಾಗ ಕಾಲುವೆಯ ಏರಿಯ ಮೇಲಿನ ಸುತ್ತುದಾರಿ ಹಿಡಿದು ಬಂದೆ.

"ಏನಂದ್ರಲೇ?" ಎಂದಳು ಅಜ್ಜಿ, ಕೂಸಿನ ಮೇಲಿಂದ ಕೈ ತೆಗೆಯದೆ.

"ಇವತ್ತ ತಿಳಿಲಿಲ್ಲಬೇ."

ಬಾಗಿಲಲ್ಲಿ ನಿಂತಿದ್ದ ಶಾಂತಕ್ಕ ನನ್ನ ಮುಖವನ್ನೇ ನೋಡಿದಳು. "ನಂಬರ ಹೇಳಿದಿ ಹೌದಲ್ಲೋ?" ಎಂದಳು.

ನಾನು ಚಪ್ಪಲಿ ಬಿಡುವುದರಲ್ಲಿ ಮಗ್ನನಾದೆ. ಅವಳು ಒಳಗೆ ಹೋಗಿ ಒಲೆಯ ಮೇಲೆ ಕೂಸಿಗೆ ಎರೆಯುವ ನೀರಿಟ್ಟಳು.